ವಿದ್ಯುತ್ ಕಾರಿನೊಳಗಿನ ಸುಖ

ಕಾರೊಂದನ್ನು ಕಂಡಾಗ ನಮ್ಮ ಜನ ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ. ಬೆಲೆ ಎಷ್ಟು? ಮೈಲೇಜು ಎಷ್ಟು ಕೊಡುತ್ತದೆ? ವಿದ್ಯುತ್ತಿನಿಂದ ನಡೆಯುವ ಕಾರುಗಳು ಬಂದ ಮೇಲೆ ಎರಡನೆಯ ಪ್ರಶ್ನೆಯು ‘ಒಂದು ಸಲ ಚಾರ್ಜು ಮಾಡಿದರೆ ಎಷ್ಟು ದೂರ ಹೋಗುತ್ತದೆ’ ಎಂದು ರೂಪಾಂತರ ಹೊಂದಿದೆಯೇ ಹೊರತು ಪ್ರಶ್ನೆಗಳ ಸಂಖ್ಯೆ ಹೆಚ್ಚಿಲ್ಲ. ಒಳಗೆ ಕುಳಿತವರ ಸುಖದ ವಿಚಾರ ಯಾವಾಗಲೂ ಮೂರನೆಯದು; ಅದು ಕೈಯಲ್ಲಿ ಹಣ ಉಳಿದವರು ಕೇಳತಕ್ಕ ಪ್ರಶ್ನೆಯೆಂಬ ಭಾವನೆ ನಮ್ಮಲ್ಲಿದೆ. ಪೆಟ್ರೋಲ್ ಕಾರಿನ ಮಟ್ಟಿಗೆ ಈ ಭಾವನೆ ಅಷ್ಟೇನೂ ತಪ್ಪಲ್ಲ. ಆದರೆ ವಿದ್ಯುತ್ ಕಾರಿನಲ್ಲಿ, ಅದರಲ್ಲಿಯೂ ಅಗ್ಗದ ವಿದ್ಯುತ್ ಕಾರಿನಲ್ಲಿ, ಈ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುವಂತಿಲ್ಲ. ಅಲ್ಲಿ ದೂರವೂ ಸುಖವೂ ಒಂದೇ ಥೈಲಿಯಿಂದ ಹೊರಡಬೇಕು. ಆ ಥೈಲಿಯೇ ಬ್ಯಾಟರಿ. ಅದನ್ನು ದೊಡ್ಡದು ಮಾಡಿದರೆ ಬೆಲೆ ಏರುತ್ತದೆ. ಚಿಕ್ಕದು ಮಾಡಿದರೆ ದೂರವನ್ನಾದರೂ ಬಿಡಬೇಕು, ಸುಖವನ್ನಾದರೂ ಬಿಡಬೇಕು.

ಕಲಾ ವಿಭಾಗದವರ ಪತ್ರಿಕೆಯಲ್ಲಿ ಮೋಟಾರಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನಾಗಮಂಗಲದ ಕಡೆಯ ಹಳ್ಳಿಯಿಂದ ಬಿ.ಜಿ. ನಗರದ ಆಸ್ಪತ್ರೆಗೆ ಅಜ್ಜಿಯನ್ನು ಕರೆದುಕೊಂಡು ಹೋಗಬೇಕಾದವನು ಕಲಾ ವಿದ್ಯಾರ್ಥಿಯಾದರೂ ವಿಜ್ಞಾನ ವಿದ್ಯಾರ್ಥಿಯಾದರೂ ಅಜ್ಜಿಯ ಸೊಂಟ ಒಂದೇ. ಅಲ್ಲದೆ, ಈ ವಿಷಯದಲ್ಲಿ ನಮ್ಮ ನಾಡಿಗೆ ವಿಶೇಷವಾದ ಸಂಬಂಧವುಂಟು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು ನಮ್ಮ ಮಂಡ್ಯ ಜಿಲ್ಲೆಯ ನೆಲದಿಂದ. ಹಾಗೆಯೇ ಭಾರತದಲ್ಲಿ ಜನಸಾಮಾನ್ಯರು ಕೊಳ್ಳಲೆಂದು ತಯಾರಾಗಿ ಹೆಸರು ಪಡೆದ ಮೊದಲ ವಿದ್ಯುತ್ ಕಾರು ಹೊರಟದ್ದೂ ಕರ್ನಾಟಕದಿಂದಲೇ. ಅದರ ಒಳಗನ್ನು ನೋಡಿಯೇ ಮುಂದಿನ ಕಾರುಗಳ ಒಳಗನ್ನು ತಿಳಿಯಬೇಕು.

ಆ ಕಾರಿನ ಹೆಸರು ರೇವಾ. ಬೆಂಗಳೂರಿನ ಮೈನಿ ಉದ್ಯಮ ಸಮೂಹವು ಅಮೆರಿಕದ ಅಮೆರಿಗಾನ್ ಎಂಬ ಕಂಪನಿಯೊಡನೆ ಕೂಡಿ ೧೯೯೪ರಲ್ಲಿ ಇದರ ಕೆಲಸವನ್ನು ಆರಂಭಿಸಿತು. ಮುಂದಾಳಾಗಿದ್ದವರು ಚೇತನ್ ಮೈನಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಸೂರ್ಯಶಕ್ತಿಯ ಕಾರನ್ನು ಕಟ್ಟಿದ ವಿದ್ಯಾರ್ಥಿ ತಂಡದಲ್ಲಿದ್ದವರು. ಬೆಂಗಳೂರಿನ ಬೊಮ್ಮಸಂದ್ರದಲ್ಲಿ ತಯಾರಾದ ರೇವಾ ೨೦೦೧ರಲ್ಲಿ ಮಾರುಕಟ್ಟೆಗೆ ಬಂದಿತು. ೨೦೦೪ರಿಂದ ಲಂಡನ್ನಿನ ಬೀದಿಗಳಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು.

ರೇವಾದ ಉದ್ದ ಸುಮಾರು ೨.೬ ಮೀಟರು, ಅಗಲ ೧.೩ ಮೀಟರು. ಬಾಗಿಲು ಎರಡು. ಮುಂದೆ ದೊಡ್ಡವರಿಬ್ಬರು, ಹಿಂದೆ ಮಕ್ಕಳಿಬ್ಬರು ಎಂಬುದು ತಯಾರಕರು ಹಾಕಿದ ಲೆಕ್ಕ. ಹಿಂದಿನ ಬಾಗಿಲು ಮೇಲಕ್ಕೆ ಎತ್ತಿಕೊಳ್ಳುವ, ಡಿಕ್ಕಿಯೂ ಕೂರುವ ಜಾಗವೂ ಒಂದೇ ಕೋಣೆಯಾಗಿರುವ ಇಂಥ ಕಾರಿಗೆ ಹ್ಯಾಚ್‌ಬ್ಯಾಕ್ ಎಂದು ಹೆಸರು. ರೇವಾದಲ್ಲಿ ಆ ಕೋಣೆ ಚಿಕ್ಕದಾಗಿದ್ದುದಕ್ಕೆ ಕಾರಣ ತಯಾರಕರ ಜಿಪುಣತನವಲ್ಲ. ಆಗ ಕೈಗೆಟುಕುವ ಬೆಲೆಗೆ ದೊರೆಯುತ್ತಿದ್ದುದು ಸೀಸ ಮತ್ತು ಆಮ್ಲದ ಬ್ಯಾಟರಿ. ನಮ್ಮ ಮನೆಗಳಲ್ಲಿ ಯು.ಪಿ.ಎಸ್. ಜೊತೆಗೆ ಇಡುತ್ತೇವಲ್ಲ, ಅದೇ ಜಾತಿಯದು. ಆರು ವೋಲ್ಟಿನ ಎಂಟು ಬ್ಯಾಟರಿಗಳನ್ನು ಮುಂದಿನ ಆಸನಗಳ ಕೆಳಗೆ ಜೋಡಿಸಿದ್ದರು. ಅವುಗಳ ತೂಕವೇ ಸುಮಾರು ೨೭೦ ಕಿಲೋ, ಎಂದರೆ ಇಡೀ ಗಾಡಿಯ ತೂಕದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು. ಇಷ್ಟು ಭಾರ ಹೊತ್ತೂ ಅವು ಕೂಡಿಟ್ಟುಕೊಳ್ಳುತ್ತಿದ್ದ ಶಕ್ತಿ ಹತ್ತು ಯೂನಿಟ್ಟಿಗಿಂತ ಕಡಿಮೆ. ಒಂದು ಚಾರ್ಜಿಗೆ ಹೇಳುತ್ತಿದ್ದ ದೂರ ೮೦ ಕಿಲೋಮೀಟರು. ಬೆಂಗಳೂರಿನಿಂದ ಆದಿಚುಂಚನಗಿರಿಗೆ ನೂರು ಕಿಲೋಮೀಟರಿಗೆ ಮಿಕ್ಕಿದ ದಾರಿ. ಬೆಂಗಳೂರಿನ ಈ ಕಾರು ಕ್ಷೇತ್ರಕ್ಕೆ ಬರಬೇಕಾಗಿದ್ದರೆ ನಡುದಾರಿಯಲ್ಲಿ ಯಾರ ಮನೆಯಲ್ಲಾದರೂ ಪ್ಲಗ್ಗು ಕೇಳಬೇಕಾಗುತ್ತಿತ್ತು.

ಇಲ್ಲಿ ಒಂದು ಲೆಕ್ಕವನ್ನು ವಾಚಕರ ಮುಂದಿಡಬೇಕು. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು ಒಂಬತ್ತು ಯೂನಿಟ್ಟಿನಷ್ಟು ಶಕ್ತಿ ಅಡಗಿದೆ. ಸಣ್ಣ ಪೆಟ್ರೋಲ್ ಕಾರಿನ ಟ್ಯಾಂಕಿಗೆ ೩೫ ಲೀಟರು ಹಿಡಿಸಿದರೆ, ಅದು ಹೊತ್ತು ತಿರುಗುವುದು ಮುನ್ನೂರು ಯೂನಿಟ್ಟಿಗೂ ಹೆಚ್ಚು. ಅದರ ಮುಕ್ಕಾಲು ಭಾಗ ಶಾಖವಾಗಿ ಹಾಳಾಗುತ್ತದೆಂಬುದು ನಿಜ. ಆದರೂ ಆ ಮನೆಯಲ್ಲಿ ದವಸ ಎಷ್ಟಿದೆಯೆಂದರೆ, ಏ.ಸಿ. ಒಂದಿಷ್ಟು ತಿಂದರೆ ಕಣ್ಣಿಗೆ ಕಾಣುವುದಿಲ್ಲ. ವಿದ್ಯುತ್ ಕಾರು ಶಕ್ತಿಯನ್ನು ಹಾಳುಮಾಡುವುದು ಬಹಳ ಕಡಿಮೆ. ಅದು ಅಚ್ಚುಕಟ್ಟಿನ ಬಡವನ ಸಂಸಾರ. ಅಲ್ಲಿ ಅತಿಥಿಯೊಬ್ಬ ಹೆಚ್ಚು ಬಂದರೂ ಪಾತ್ರೆಯ ತಳ ಕಾಣುತ್ತದೆ.

ರೇವಾದ ತಯಾರಕರಿಗೆ ಇದು ಚೆನ್ನಾಗಿ ತಿಳಿದಿತ್ತು. ಅಮೆರಿಗಾನ್ ಕಂಪನಿಯು ವಿದ್ಯುತ್ತಿನಿಂದಲೇ ಆಸನವನ್ನು ತಂಪಾಗಿಯೋ ಬೆಚ್ಚಗೋ ಮಾಡುವ ವಿದ್ಯೆಯಲ್ಲಿ ಪಳಗಿದುದು. ಎರಡು ಬೇರೆ ಬಗೆಯ ವಸ್ತುಗಳ ಕೂಡುಗೆಯಲ್ಲಿ ವಿದ್ಯುತ್ತನ್ನು ಹರಿಸಿದರೆ ಒಂದು ಕಡೆ ತಂಪೂ ಇನ್ನೊಂದು ಕಡೆ ಬಿಸಿಯೂ ಆಗುತ್ತದೆ ಎಂಬ ಭೌತಶಾಸ್ತ್ರದ ಹಳೆಯ ತತ್ತ್ವವೇ ಇದಕ್ಕೆ ಆಧಾರ. ರೇವಾದ ಕೆಲವು ಮಾದರಿಗಳಲ್ಲಿ ಇಂಥ ಆಸನಗಳಿದ್ದವು. ಕಾರಿನೊಳಗಿನ ಗಾಳಿಯನ್ನೆಲ್ಲ ತಂಪು ಮಾಡುವುದರ ಬದಲು ಕುಳಿತವನ ಬೆನ್ನನ್ನು ಮಾತ್ರ ತಂಪು ಮಾಡಿದರೆ ಶಕ್ತಿಯ ಖರ್ಚು ಬಹಳ ಇಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ರೇವಾದೊಳಗೆ ಇದಕ್ಕಿಂತ ಜಾಣತನದ ವಸ್ತು ಇನ್ನೊಂದಿರಲಿಲ್ಲ. ಅನಂತರದ ಅಗ್ಗದ ಕಾರುಗಳು ಈ ದಾರಿಯನ್ನು ಬಿಟ್ಟು, ಎಲ್ಲರಂತೆ ಕೋಣೆಯನ್ನೇ ತಂಪು ಮಾಡುವ ದಾರಿ ಹಿಡಿದವು. ಒಳಗೋಡೆಯ ಅಂದಚಂದದಲ್ಲಿ ರೇವಾ ಹಿಂದೆ ಬಿದ್ದಿತ್ತು. ಪ್ಲಾಸ್ಟಿಕ್ಕು ಒರಟು, ಜಾಗ ಇಕ್ಕಟ್ಟು. ೨೦೦೭ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಡಿಕ್ಕಿಯ ಪರೀಕ್ಷೆಗಳಲ್ಲಿ, ಅಪಘಾತವಾದರೆ ಒಳಗಿನವರಿಗೆ ಸಿಗುವ ರಕ್ಷಣೆಯ ಬಗ್ಗೆಯೂ ಕಟುವಾದ ಟೀಕೆ ಬಂದಿತು. ಸುಖಕ್ಕಿಂತ ಮೊದಲು ಜೀವವಷ್ಟೆ.

೨೦೧೦ರಲ್ಲಿ ಮಹೀಂದ್ರಾ ಕಂಪನಿಯು ರೇವಾದ ಹೆಚ್ಚಿನ ಪಾಲನ್ನು ಕೊಂಡಿತು. ೨೦೧೩ರ ಮಾರ್ಚಿಯಲ್ಲಿ ಅದೇ ಬೊಮ್ಮಸಂದ್ರದಿಂದ ಇ-ಟು-ಓ ಎಂಬ ಹೊಸ ಕಾರು ಹೊರಬಂದಿತು. ಸೀಸ ಹೋಗಿ ಲಿಥಿಯಂ ಬಂದಿತ್ತು. ಅದೇ ಶಕ್ತಿಯನ್ನು ಹಿಡಿಯಲು ಲಿಥಿಯಂ ಬ್ಯಾಟರಿಗೆ ಸೀಸದ ಬ್ಯಾಟರಿಯ ಕಾಲು ಭಾಗ, ಹೆಚ್ಚೆಂದರೆ ಮೂರನೆಯ ಒಂದು ಭಾಗ ತೂಕ ಸಾಕು. ಹಾಗೆ ಉಳಿದ ತೂಕದಲ್ಲಿಯೂ ಜಾಗದಲ್ಲಿಯೂ ನಾಲ್ವರು ದೊಡ್ಡವರು ಕೂರುವ ಏರ್ಪಾಡಾಯಿತು. ಹೇಳಿದ ದೂರ ೧೦೦ ಕಿಲೋಮೀಟರು. ಆದರೆ ಹಣವನ್ನು ಎಲ್ಲಿ ಸುರಿಯಬೇಕು ಎಂಬ ವಿವೇಚನೆಯಲ್ಲಿ ವಿಚಿತ್ರವೊಂದು ನಡೆಯಿತು. ಕಾರಿನಲ್ಲಿ ಬೆರಳು ತಾಕಿದರೆ ಕೆಲಸ ಮಾಡುವ ಪರದೆಯಿತ್ತು. ಕಾರು ಎಲ್ಲಿಯೋ ನಿಂತಿರುವಾಗ ಕೈಯ ಮೊಬೈಲಿನಿಂದಲೇ ಏ.ಸಿ. ಹಾಕುವ ಅನುಕೂಲವಿತ್ತು, ಚಾರ್ಜು ಮುಗಿದು ದಾರಿಯಲ್ಲಿ ನಿಂತರೆ ಕೆಲವು ಕಿಲೋಮೀಟರಿನಷ್ಟು ಶಕ್ತಿಯನ್ನು ಬ್ಯಾಟರಿಯ ತಳದಿಂದ ತೆಗೆದುಕೊಡುವ ಉಪಾಯವೂ ಇತ್ತು. ಇಲ್ಲದೆ ಇದ್ದುದು ಪವರ್ ಸ್ಟಿಯರಿಂಗು. ಊರೊಳಗಿನ ಸಂದಿಗೊಂದಿಗಳಲ್ಲಿ ತಿರುಗಬೇಕಾದ ಕಾರಿನ ಚಕ್ರವನ್ನು ತೋಳಿನ ಬಲದಿಂದಲೇ ತಿರುಗಿಸಬೇಕಾಗಿತ್ತು. ಆ ಸೌಕರ್ಯ ಬಂದದ್ದು ೨೦೧೪ರಲ್ಲಿ. ಹಿಂದಿನವರಿಗೆ ಬೇರೆ ಬಾಗಿಲು ದೊರೆತದ್ದು ೨೦೧೬ರ ಇ-ಟು-ಓ ಪ್ಲಸ್ ಎಂಬ ಮಾದರಿಯಲ್ಲಿ. ಅಷ್ಟರಲ್ಲಿ ಜನರ ಮನಸ್ಸು ಬೇರೆ ಕಡೆ ಹೋಗಿತ್ತು. ಕಾರಿನ ತಯಾರಿಕೆ ಕೆಲವೇ ವರ್ಷಗಳಲ್ಲಿ ನಿಂತಿತು.

ನಿಂತ ಕಾರನ್ನು ಮೊದಲೇ ತಂಪು ಮಾಡುವ ಆ ಉಪಾಯವನ್ನು ಮಾತ್ರ ಆಟಿಕೆಯೆಂದು ತಳ್ಳಿಹಾಕಬಾರದು. ಬೇಸಗೆಯ ಮಧ್ಯಾಹ್ನ ಬಯಲಿನಲ್ಲಿ ನಿಂತ ಕಾರಿನ ಒಳಗು ಹೊರಗಿಗಿಂತ ಬಹಳ ಹೆಚ್ಚು ಕಾಯುತ್ತದೆ. ಆ ಶಾಖವನ್ನು ಹೊರಹಾಕುವ ಮೊದಲ ಹತ್ತು ನಿಮಿಷದಲ್ಲಿಯೇ ಏ.ಸಿ. ಅತ್ಯಂತ ಹೆಚ್ಚು ಶಕ್ತಿಯನ್ನು ಎಳೆಯುವುದು. ಕಾರು ಇನ್ನೂ ಪ್ಲಗ್ಗಿಗೆ ಸಿಕ್ಕಿಸಿಕೊಂಡಿರುವಾಗಲೇ ಈ ಕೆಲಸವನ್ನು ಮಾಡಿ ಮುಗಿಸಿದರೆ, ಆ ಖರ್ಚನ್ನು ಮನೆಯ ಮೀಟರು ಹೊರುತ್ತದೆ. ಬ್ಯಾಟರಿಯಲ್ಲಿರುವುದು ದಾರಿಗೆ ಉಳಿಯುತ್ತದೆ. ಕಾಸಿಲ್ಲದೆ ಕೆಲವು ಕಿಲೋಮೀಟರು ಸಂಪಾದಿಸುವ ಉಪಾಯ ಇದೊಂದೇ.

ಇನ್ನು ದಾರಿಯಲ್ಲಿ ಏ.ಸಿ. ಎಷ್ಟು ತಿನ್ನುತ್ತದೆ? ೨೪ ಯೂನಿಟ್ಟಿನ ಬ್ಯಾಟರಿಯಿರುವ ಸಣ್ಣ ಕಾರನ್ನು ತೆಗೆದುಕೊಳ್ಳೋಣ. ಏ.ಸಿ. ಇಲ್ಲದೆ ಯೂನಿಟ್ಟಿಗೆ ಎಂಟು ಕಿಲೋಮೀಟರು ಓಡುತ್ತದೆಂದೂ, ಏ.ಸಿ.ಗೆ ಗಂಟೆಗೆ ಒಂದು ಯೂನಿಟ್ಟು ಬೇಕೆಂದೂ ಇಟ್ಟುಕೊಳ್ಳೋಣ. ಏ.ಸಿ. ಹಾಕದಿದ್ದರೆ ೧೯೨ ಕಿಲೋಮೀಟರು. ಬೆಂಗಳೂರಿನ ವಾಹನಗಳ ಇರುಕಿನಲ್ಲಿ ಗಂಟೆಗೆ ಹದಿನೈದು ಕಿಲೋಮೀಟರು ತೆವಳುತ್ತಿದ್ದರೆ, ಓಡುವುದಕ್ಕೆ ಗಂಟೆಗೆ ಎರಡು ಯೂನಿಟ್ಟಿಗಿಂತ ಸ್ವಲ್ಪ ಕಡಿಮೆ ಸಾಕು, ಏ.ಸಿ.ಗೆ ಒಂದು; ಅಲ್ಲಿಗೆ ೧೯೨ ಎಂಬುದು ಸುಮಾರು ೧೨೫ಕ್ಕೆ ಇಳಿಯುತ್ತದೆ. ಅದೇ ಕಾರು ನಾಗಮಂಗಲದಿಂದ ಬೆಳ್ಳೂರು ಕ್ರಾಸಿನ ಕಡೆಗೆ ಗಂಟೆಗೆ ಐವತ್ತರಂತೆ ಓಡಿದರೆ, ಓಡುವುದಕ್ಕೆ ಗಂಟೆಗೆ ಆರು ಯೂನಿಟ್ಟಿಗೂ ಮೇಲೆ, ಏ.ಸಿ.ಗೆ ಅದೇ ಒಂದು. ಆಗ ಸುಮಾರು ೧೬೫ ಕಿಲೋಮೀಟರು ಉಳಿಯುತ್ತದೆ. ಏ.ಸಿ. ತಿನ್ನುವುದು ಗಂಟೆಯ ಲೆಕ್ಕದಲ್ಲಿ, ಚಕ್ರ ತಿನ್ನುವುದು ಕಿಲೋಮೀಟರಿನ ಲೆಕ್ಕದಲ್ಲಿ. ಆದಕಾರಣ ತಂಪಿಗೆ ಹೆಚ್ಚು ತೆರಿಗೆ ಕೊಡುವವನು ಪಟ್ಟಣದವನು. ಹಳ್ಳಿಯ ದಾರಿಯಲ್ಲಿ ಓಡುವವನು ಕಿಟಕಿ ಮುಚ್ಚಿ ಧಾರಾಳವಾಗಿ ತಂಪಾಗಿರಬಹುದು. ‘ವಿದ್ಯುತ್ ಕಾರಿನಲ್ಲಿ ಏ.ಸಿ. ಹಾಕಲೇಬಾರದು’ ಎಂದು ಬೆವರು ಒರೆಸಿಕೊಳ್ಳುತ್ತ ಬರುವ ನಮ್ಮ ಕಡೆಯ ಕೆಲವರಿಗೆ ಈ ಲೆಕ್ಕ ಉಪಯೋಗವಾದೀತು.

ಈಚಿನ ಎರಡು ಕಾರುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಒಂದೇ ಹಣದಲ್ಲಿ ಒಳಗನ್ನು ಎಷ್ಟು ಬೇರೆ ಬೇರೆಯಾಗಿ ಕಟ್ಟಬಹುದೆಂಬುದು ತಿಳಿಯುತ್ತದೆ. ೨೦೨೨ರ ಸೆಪ್ಟೆಂಬರಿನಲ್ಲಿ ಬಂದ ಟಾಟಾ ಟಿಯಾಗೊ ಇ.ವಿ.ಯ ಆರಂಭದ ಬೆಲೆ ೮.೪೯ ಲಕ್ಷ ರೂಪಾಯಿ. ೨೦೨೩ರ ಏಪ್ರಿಲ್ಲಿನಲ್ಲಿ ಬಂದ ಎಂ.ಜಿ. ಕಾಮೆಟ್‌ನದು ೭.೯೮ ಲಕ್ಷ. ಟಿಯಾಗೊ ಮೊದಲು ಪೆಟ್ರೋಲ್ ಕಾರಾಗಿ ಹುಟ್ಟಿದುದು. ಅದರ ಮೈಯನ್ನೇ ಉಳಿಸಿಕೊಂಡು ಎಂಜಿನ್ನು ತೆಗೆದು ಮೋಟಾರು ಇಟ್ಟರು, ೧೯.೨ ಅಥವಾ ೨೪ ಯೂನಿಟ್ಟಿನ ಬ್ಯಾಟರಿಯನ್ನು ಹಿಂದಿನ ಆಸನದ ಕೆಳಗೂ ಡಿಕ್ಕಿಯ ತಳದಲ್ಲಿಯೂ ಹುದುಗಿಸಿದರು. ನಾಲ್ಕು ಬಾಗಿಲು, ಐದು ಜನರಿಗೆ ಜಾಗ, ತಾನೇ ಹದ ನೋಡಿಕೊಳ್ಳುವ ಏ.ಸಿ. ಇವೆಲ್ಲ ಅತ್ಯಂತ ಅಗ್ಗದ ಮಾದರಿಯಲ್ಲಿಯೂ ಇದ್ದವು. ಹೋದದ್ದು ಸ್ಟೆಪ್ನಿ, ಅದರ ಬದಲು ಪಂಕ್ಚರು ಮುಚ್ಚುವ ಸಾಮಾನಿನ ಪೆಟ್ಟಿಗೆ ಕೊಟ್ಟರು. ಕಬ್ಬಿನ ಸುಗ್ಗಿಯಲ್ಲಿ ಪಾಂಡವಪುರದ ದಾರಿಯಲ್ಲಿ ರಾತ್ರಿ ಟಯರು ಹರಿದುಕೊಂಡವನಿಗೆ ಆ ಪೆಟ್ಟಿಗೆ ಎಷ್ಟು ಸಮಾಧಾನ ಕೊಟ್ಟೀತೆಂಬುದನ್ನು ನೀವೇ ಊಹಿಸಿಕೊಳ್ಳಿ. ಕಾಮೆಟ್ಟಾದರೋ ಮೊದಲಿನಿಂದಲೂ ವಿದ್ಯುತ್ ಕಾರೆಂದೇ ಯೋಚಿಸಿ ಕಟ್ಟಿದುದು. ಉದ್ದ ಮೂರು ಮೀಟರಿಗಿಂತ ಕಡಿಮೆಯಾದರೂ ಒಳಗೆ ತಲೆಗೂ ಕಾಲಿಗೂ ಜಾಗ ಧಾರಾಳ. ಮೇಲಿನ ಮಾದರಿಯಲ್ಲಿ ಚಾಲಕನ ಎದುರಿಗೆ ೧೦.೨೫ ಅಂಗುಲದ ಎರಡು ಪರದೆಗಳು. ಆದರೆ ಬಾಗಿಲು ಎರಡೇ. ಹಿಂದೆ ಕೂರಬೇಕಾದವರು ಮುಂದಿನ ಆಸನವನ್ನು ಮಡಿಸಿ, ಬಗ್ಗಿ, ನುಸುಳಿ ಒಳಗೆ ಹೋಗಬೇಕು. ನಾಲ್ವರು ಕುಳಿತರೆ ಸಾಮಾನಿಗೆ ಜಾಗವಿಲ್ಲ.

ಇಲ್ಲಿ ನಾನು ಪಕ್ಷಪಾತಿ. ಪಟ್ಟಣದಲ್ಲಿ ಒಬ್ಬರೋ ಇಬ್ಬರೋ ಓಡಾಡುವುದಕ್ಕೆ ಕಾಮೆಟ್ಟಿನ ಯೋಚನೆ ಚೆನ್ನು. ಕೃಷ್ಣರಾಜಪೇಟೆಯ ಸಂಸಾರಕ್ಕೆ ಅದು ಒಗ್ಗುವುದಿಲ್ಲ. ನಮ್ಮಲ್ಲಿ ಕಾರು ಹೊರಡುವುದೇ ಮದುವೆಗೆ, ಜಾತ್ರೆಗೆ, ಆಸ್ಪತ್ರೆಗೆ. ಮುಂದೆ ಇಬ್ಬರಾದರೆ ಹಿಂದೆ ಮೂವರು, ಅವರಲ್ಲಿ ಒಬ್ಬರಿಗೆ ಮಂಡಿನೋವು, ತೊಡೆಯ ಮೇಲೊಂದು ಮಗು. ಹಿಂದಿನ ಕಾಲದಲ್ಲಿ ಸವಾರಿ ಗಾಡಿಯೊಳಗೆ ಹುಲ್ಲು ಹಾಸಿ ಮೇಲೆ ಜಮಖಾನ ಹರಡುತ್ತಿದ್ದುದು ಗಾಡಿ ಹೊಡೆಯುವವನಿಗಾಗಿ ಅಲ್ಲ, ಒಳಗೆ ಕುಳಿತ ಮುದುಕರಿಗಾಗಿ, ಬಾಣಂತಿಯರಿಗಾಗಿ. ಈಗಿನ ಕಾರಿನ ಜಾಹೀರಾತುಗಳಲ್ಲಿ ವರ್ಣನೆಯೆಲ್ಲ ಮೂಕಿಯ ಮೇಲೆ ಕುಳಿತವನ ಕಡೆಗೇ ತಿರುಗಿದೆ.

ಹಿಂದಿನ ಆಸನಕ್ಕೆ ವಿದ್ಯುತ್ ಕಾರು ಕೊಡುವ ತೊಂದರೆಗಳು ಕೆಲವುಂಟು. ಬ್ಯಾಟರಿಯನ್ನು ಕಾಲಡಿಯಲ್ಲಿ ಹುದುಗಿಸಿದ ಕಾರುಗಳಲ್ಲಿ ನೆಲ ಮೇಲೇಳುತ್ತದೆ. ಆಸನವನ್ನು ಅಷ್ಟೇ ಎತ್ತರಿಸಿದರೆ ತಲೆ ಮಾಡಿಗೆ ತಾಗುತ್ತದೆ. ಎತ್ತರಿಸದಿದ್ದರೆ ಮಂಡಿ ಮೇಲಕ್ಕೆದ್ದು ತೊಡೆಗೆ ಆಧಾರ ತಪ್ಪುತ್ತದೆ. ಕುಕ್ಕುರುಗಾಲಿನಲ್ಲಿ ಕುಳಿತಂತಾಗಿ ಒಂದು ಗಂಟೆಯೊಳಗೆ ಸೊಂಟ ಮಾತಾಡತೊಡಗುತ್ತದೆ. ಎರಡನೆಯದು, ಪೆಟ್ರೋಲ್ ಮಾದರಿಗಿಂತ ವಿದ್ಯುತ್ ಮಾದರಿ ನೂರಕ್ಕೂ ಮಿಕ್ಕಿ ಕಿಲೋ ಭಾರ. ಆ ಭಾರವನ್ನು ತಡೆಯಲು ಸ್ಪ್ರಿಂಗುಗಳನ್ನು ಬಿಗಿ ಮಾಡುತ್ತಾರೆ. ಬಿಗಿ ಸ್ಪ್ರಿಂಗು ನುಣ್ಣನೆಯ ಹೆದ್ದಾರಿಯಲ್ಲಿ ಕಾರನ್ನು ನೆಲಕ್ಕೆ ಅಂಟಿಸಿದಂತೆ ಓಡಿಸುತ್ತದೆ. ಭಾರವು ತಳದಲ್ಲಿರುವುದರಿಂದ ತಿರುವಿನಲ್ಲಿ ವಾಲುವುದೂ ಕಡಿಮೆ. ಹಳ್ಳಿಗೊಂದರಂತೆ ಹಂಪುಗಳಿರುವ ನಮ್ಮ ರಸ್ತೆಯಲ್ಲಿ ಮಾತ್ರ ಅದು ಪ್ರತಿಯೊಂದು ಹಂಪನ್ನೂ ಎಣಿಸಿ ಹೇಳುತ್ತದೆ.

ಮೂರನೆಯದು ಹೊಟ್ಟೆ ತೊಳಸುವುದು. ವಿದ್ಯುತ್ ಕಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಮೋಟಾರು ಡೈನಮೋ ಆಗಿ ಮಾರ್ಪಟ್ಟು, ಓಟದ ವೇಗವನ್ನು ವಿದ್ಯುತ್ತಾಗಿ ಬ್ಯಾಟರಿಗೆ ಹಿಂದಿರುಗಿಸುತ್ತದೆ. ಇಳಿಜಾರಿನಲ್ಲಿಯೂ ಪಟ್ಟಣದಲ್ಲಿಯೂ ಇದರಿಂದ ಒಳ್ಳೆಯ ಉಳಿತಾಯ. ಆದರೆ ಈ ಹಿಡಿತ ಬಲವಾಗಿದ್ದರೆ, ಕಾಲು ಎತ್ತಿದಾಗಲೆಲ್ಲ ಕಾರು ಮುಗ್ಗರಿಸಿದಂತಾಗುತ್ತದೆ. ಒತ್ತಿದ ಕ್ಷಣವೇ ಪೂರ್ತಿ ಬಲ ಕೊಡುವುದು ಮೋಟಾರಿನ ಸ್ವಭಾವವಾದ್ದರಿಂದ ಮುಂದಕ್ಕೆ ಎಸೆತ, ಹಿಂದಕ್ಕೆ ಎಳೆತ, ಇವೆರಡೂ ಒಂದರ ಹಿಂದೆ ಒಂದು ಬರುತ್ತವೆ. ಚಾಲಕನಿಗೆ ಮುಂದೇನಾಗುವುದೆಂದು ಗೊತ್ತಿರುವುದರಿಂದ ಅವನ ಮೈ ಸಿದ್ಧವಾಗಿರುತ್ತದೆ. ಹಿಂದೆ ಕುಳಿತವರಿಗೆ ತಿಳಿಯದು. ಪೆಟ್ರೋಲ್ ಕಾರಿನಲ್ಲಿ ಎಂಜಿನ್ನಿನ ಸದ್ದು ಏರಿಳಿದು ಒಂದು ಸೂಚನೆಯನ್ನಾದರೂ ಕೊಡುತ್ತಿತ್ತು, ಇಲ್ಲಿ ಅದೂ ಇಲ್ಲ. ಟಿಯಾಗೊ ಮೊದಲಾದ ಕಾರುಗಳಲ್ಲಿ ಈ ಹಿಡಿತವನ್ನು ಹೆಚ್ಚು ಕಡಿಮೆ ಮಾಡುವ, ಪೂರ್ತಿ ತೆಗೆದುಹಾಕುವ ವ್ಯವಸ್ಥೆಯಿದೆ. ಹಿಂದೆ ಯಾರಾದರೂ ಕುಳಿತಿರುವಾಗ ಅದನ್ನು ಕಡಿಮೆ ಮಾಡಿ ಓಡಿಸುವುದು ಸೌಜನ್ಯ. ಅದಕ್ಕೆ ತಗಲುವ ಖರ್ಚು ಬಹು ಸ್ವಲ್ಪ.

ಸದ್ದಿಲ್ಲದಿರುವುದೇ ವಿದ್ಯುತ್ ಕಾರಿನ ದೊಡ್ಡ ಸುಖವೆಂದು ಎಲ್ಲರೂ ಹೇಳುತ್ತಾರೆ. ನಿಂತಿರುವಾಗ ಆ ಮಾತು ಅಕ್ಷರಶಃ ನಿಜ. ಓಡತೊಡಗಿದ ಮೇಲೆ ಕಥೆ ಬೇರೆ. ಮದುವೆಮನೆಯ ವಾಲಗ ನಿಂತಾಗ ಅಡುಗೆಮನೆಯ ಪಾತ್ರೆಗಳ ಸದ್ದು ಕೇಳುವಂತೆ, ಎಂಜಿನ್ನಿನ ಗದ್ದಲದಲ್ಲಿ ಮುಚ್ಚಿಹೋಗುತ್ತಿದ್ದ ಸಣ್ಣಪುಟ್ಟ ಸದ್ದುಗಳೆಲ್ಲ ಮೇಲೇಳುತ್ತವೆ: ಟಯರಿನ ಮೊರೆತ, ಬಾಗಿಲ ಅಂಚಿನ ಗಾಳಿ, ಡ್ಯಾಶ್‌ಬೋರ್ಡಿನ ಎರಡು ತುಂಡುಗಳ ಕಿರುಗುಟ್ಟುವಿಕೆ. ಆದ್ದರಿಂದ ವಿದ್ಯುತ್ ಕಾರಿನ ಒಳಗೆಲಸಕ್ಕೆ ಪೆಟ್ರೋಲ್ ಕಾರಿನದಕ್ಕಿಂತ ಹೆಚ್ಚಿನ ಅಚ್ಚುಕಟ್ಟು ಬೇಕು. ಬೆಲೆ ಇಳಿಸಲೆಂದು ತಯಾರಕರು ಮೊದಲು ಕತ್ತರಿ ಹಾಕುವುದಾದರೋ ಕಣ್ಣಿಗೆ ಕಾಣದ ವಸ್ತುಗಳಿಗೆ: ಬಾಗಿಲಿನೊಳಗಿನ ರಬ್ಬರು, ನೆಲದಡಿಯ ಹಾಸು, ಚಕ್ರದ ಕಮಾನಿನ ಒಳಪದರ. ಕೈಗೆ ಮೆತ್ತಗೆ ತಾಗುವ ಡ್ಯಾಶ್‌ಬೋರ್ಡಿಗಿಂತ ಈ ರಬ್ಬರು ಮೇಲು. ಗಟ್ಟಿ ಪ್ಲಾಸ್ಟಿಕ್ಕೆಂದು ಮೂಗು ಮುರಿಯಬೇಕಾದುದಿಲ್ಲ. ನಮ್ಮ ಕೆಮ್ಮಣ್ಣಿನ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುವುದು ಅದರಿಂದಲೇ. ಹತ್ತಿಯ ಬಟ್ಟೆಯನ್ನು ಹೋಲುವ ತಿಳಿಬಣ್ಣದ ಆಸನಗಳು ಅಂಗಡಿಯಲ್ಲಿ ಬಹಳ ಚೆನ್ನ. ಒಂದು ಮಳೆಗಾಲ ಕಳೆದ ಮೇಲೆ ನೋಡಬೇಕು.

ಪರದೆಗಳ ಮಾತು ಉಳಿದಿದೆ. ಟೆಲಿವಿಷನ್ನಿನಂಥ ಪರದೆಯನ್ನು ಕಂಡು ಕಾರು ಮುಂದುವರಿದ ತಂತ್ರದ್ದೆಂದು ಮೆಚ್ಚುವವರು ಬಹಳ. ಆದರೆ ಹತ್ತಾರು ಗುಂಡಿಗಳನ್ನು ಬೇರೆ ಬೇರೆಯಾಗಿ ಮಾಡಿ, ತಂತಿ ಎಳೆದು, ಜೋಡಿಸುವುದಕ್ಕಿಂತ ಒಂದು ಪರದೆಯನ್ನು ಇಟ್ಟು ಎಲ್ಲವನ್ನೂ ಅದರೊಳಗೆ ಸೇರಿಸುವುದು ತಯಾರಕನಿಗೆ ಅಗ್ಗ. ಗುಂಡಿಯನ್ನು ಬೆರಳು ತಾನೇ ಹುಡುಕುತ್ತದೆ. ಪರದೆಗೆ ಕಣ್ಣು ಬೇಕು, ಆ ಕಣ್ಣು ರಸ್ತೆಯಿಂದ ಬರಬೇಕು. ಯೂರೋಪಿನಲ್ಲಿ ಕಾರುಗಳ ಸುರಕ್ಷತೆಯನ್ನು ಅಳೆದು ನಕ್ಷತ್ರ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆಯು, ತಿರುವಿನ ದೀಪ, ಹಾರ್ನು, ಮಳೆನೀರು ಒರೆಸುವ ಕಡ್ಡಿ ಮೊದಲಾದುವಕ್ಕೆ ಕೈಗೆ ಸಿಗುವ ಗುಂಡಿಯನ್ನೋ ಸನ್ನೆಯನ್ನೋ ಇಟ್ಟಿದ್ದರೆ ಮಾತ್ರ ಪೂರ್ಣ ಅಂಕ ಎಂಬ ಕಟ್ಟಳೆಯನ್ನು ೨೦೨೬ರಿಂದ ತಂದಿದೆ. ಏ.ಸಿ.ಗೆ ಬೇರೆ ಗುಂಡಿಯಿರುವ ಕಾರನ್ನು ಹಳೆಯ ಕಾಲದ್ದೆಂದು ಬಿಡಬಾರದು.

ಕೊಳ್ಳಹೋದವರು ಅಂಗಡಿಯಲ್ಲಿ ಏನು ನೋಡಬೇಕೆಂದು ಕೇಳಿದರೆ ನಾನು ಹೇಳುವುದಿಷ್ಟು. ಓಡಿಸಿ ನೋಡುವ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟು, ಮನೆಯಲ್ಲಿ ಎಲ್ಲರಿಗಿಂತ ಹಿರಿಯರಾದವರನ್ನು ಕರೆದೊಯ್ದು ಅವರೊಡನೆ ಹಿಂದಿನ ಆಸನದಲ್ಲಿ ಅರ್ಧ ಗಂಟೆ ಕೂರಬೇಕು. ಹಂಪುಗಳಿರುವ ದಾರಿಯನ್ನೇ ಆರಿಸಿಕೊಳ್ಳಬೇಕು. ಹೊತ್ತು ಮಧ್ಯಾಹ್ನವಾಗಿದ್ದರೆ ಒಳ್ಳೆಯದು. ಮುಂದಿನ ಕಿಂಡಿಯ ತಂಪು ಹಿಂದಿನವರಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆಂಬುದು ಆಗ ತಿಳಿಯುತ್ತದೆ. ಅಗ್ಗದ ಕಾರುಗಳಲ್ಲಿ ಹಿಂದಿನ ಸೀಟಿಗೆ ಬೇರೆ ಕಿಂಡಿ ಇರುವುದು ಅಪರೂಪ.

೨೪ ಯೂನಿಟ್ಟಿನ ಟಿಯಾಗೊ ೨೦೨೨ರಲ್ಲಿ ಬಂದಾಗ ತಯಾರಕರು ಹೇಳಿದ್ದ ದೂರ ೩೧೫ ಕಿಲೋಮೀಟರು. ಅದು ಪ್ರಯೋಗಶಾಲೆಯ ಅಂಕಿ; ದಾರಿಯಲ್ಲಿ ಅಷ್ಟು ಬರುವುದಿಲ್ಲ. ಮೇಲೆ ಹಾಕಿದ ನಮ್ಮ ಲೆಕ್ಕದಂತೆ ಏ.ಸಿ. ಹಾಕಿಕೊಂಡು ೧೬೫ ಬರುವುದಾದರೆ, ಬೆಂಗಳೂರಿನಿಂದ ಐದು ಜನ ತಂಪಾಗಿ ಕುಳಿತು ಆದಿಚುಂಚನಗಿರಿಯನ್ನು ತಲುಪಬಹುದು, ರೇವಾದವರಂತೆ ನಡುದಾರಿಯಲ್ಲಿ ಪ್ಲಗ್ಗು ಹುಡುಕಬೇಕಾದುದಿಲ್ಲ. ಆದರೆ ಅದೇ ಚಾರ್ಜಿನಲ್ಲಿ ಹಿಂದಿರುಗಿ ಮನೆ ಸೇರಲಾರರು. ವೇಗವಾಗಿ ಚಾರ್ಜು ಮಾಡುವ ಕೇಂದ್ರ ಸಿಕ್ಕಿದರೆ ಬ್ಯಾಟರಿಯ ಹತ್ತನೆಯ ಒಂದು ಪಾಲಿನಿಂದ ಹತ್ತರಲ್ಲಿ ಎಂಟು ಪಾಲಿಗೆ ತುಂಬಲು ಸುಮಾರು ಒಂದು ಗಂಟೆ. ಮನೆಯ ಹದಿನೈದು ಆಂಪಿಯರಿನ ಪ್ಲಗ್ಗಾದರೆ ಒಂದು ರಾತ್ರಿ. ಬೆಟ್ಟ ಹತ್ತಿ ದರ್ಶನ ಮಾಡಿ, ಊಟ ಮುಗಿಸಿ ಕೆಳಗಿಳಿಯುವುದಕ್ಕೆ ಆ ಒಂದು ಗಂಟೆ ಸಾಲುವುದೇ ಇಲ್ಲ. ಕಾರು ಪ್ಲಗ್ಗಿನಲ್ಲಿರುವಾಗಲೇ, ಹೊರಡುವುದಕ್ಕೆ ಹತ್ತು ನಿಮಿಷ ಮೊದಲು, ಮೊಬೈಲಿನಿಂದ ಏ.ಸಿ. ಹಾಕಿಟ್ಟರೆ ಹಿಂದಿನ ಸೀಟಿನ ಹಿರಿಯರು ಕಾದ ಬಾಣಲೆಯಂಥ ಆಸನದ ಮೇಲೆ ಕೂರಬೇಕಾಗುವುದಿಲ್ಲ.